ಆಪತ್ತಿನ ವಿದ್ಯೆಗೆ ಪದವಿ

ನೆರೆ, ಬೆಂಕಿ, ಅಪಘಾತ, ಸಾಂಕ್ರಾಮಿಕ ಜಾಡ್ಯ ಮೊದಲಾದವನ್ನು ಎದುರಿಸುವ ವಿದ್ಯೆಯನ್ನು ಕಾಲೇಜುಗಳಲ್ಲಿ ಪದವಿ ತರಗತಿಯಾಗಿ ಕಲಿಸಬೇಕೆಂಬ ಮಾತು ವಿದ್ಯಾವಂತರ ವಲಯದಲ್ಲಿ ಆಗಾಗ ಏಳುತ್ತದೆ, ಆಗಾಗ ತಣ್ಣಗಾಗುತ್ತದೆ. ದೊಡ್ಡ ದುರಂತ ನಡೆದ ವಾರ ಏಳುತ್ತದೆ. ಸತ್ತವರ ತಿಥಿ ಮುಗಿಯುವ ಹೊತ್ತಿಗೆ ತಣ್ಣಗಾಗುತ್ತದೆ. ನಾವು ಈ ವಾರ ಅದನ್ನು ಯಾವ ದುರಂತದ ನೆವವೂ ಇಲ್ಲದೆ ಎತ್ತಿಕೊಂಡಿದ್ದೇವೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವ ಚಟ ಸರಕಾರಕ್ಕೆ ಮಾತ್ರವಲ್ಲ, ಪತ್ರಿಕೆಗಳಿಗೂ ಇದೆ.

ಹೊರದೇಶಗಳಲ್ಲಿ ಇದು ಹಳೆಯ ಮಾತು. ಅಮೆರಿಕದ ಉತ್ತರ ಟೆಕ್ಸಾಸ್ ವಿಶ್ವವಿದ್ಯಾನಿಲಯ ಈ ವಿಷಯದಲ್ಲಿ ಪದವಿ ತರಗತಿಯನ್ನು 1983ರಲ್ಲಿಯೇ ಆರಂಭಿಸಿತು. 1994ರಿಂದೀಚೆಗೆ ಅಲ್ಲಿನ ಕೇಂದ್ರ ಸರಕಾರವೇ ಕಾಲೇಜುಗಳಿಗೆ ಇಂಥ ಪಾಠಕ್ರಮವನ್ನು ಸಿದ್ಧಪಡಿಸಿಕೊಡುವ ಯೋಜನೆಯೊಂದನ್ನು ಹಾಕಿಕೊಂಡು ಪ್ರೋತ್ಸಾಹಿಸಿತು. ನಮ್ಮಲ್ಲಿ ನಾಗಪುರದ ರಾಷ್ಟ್ರೀಯ ಅಗ್ನಿಶಾಮಕ ಕಾಲೇಜು 1950ರ ದಶಕದಿಂದಲೂ ಇದೆ. ಸುನಾಮಿ ಬಡಿದ ನಂತರ ಮುಂಬಯಿಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ವಿಪತ್ತು ನಿರ್ವಹಣೆಯಲ್ಲಿ ಸ್ನಾತಕೋತ್ತರ ಪದವಿಯನ್ನು ತೆರೆಯಿತು. ಇಂದಿರಾಗಾಂಧಿ ಮುಕ್ತ ವಿಶ್ವವಿದ್ಯಾನಿಲಯ ಅಂಚೆಯ ಮೂಲಕ ಪಾಠ ಹೇಳಿತು. ನಮ್ಮ ಇಂಜನಿಯರಿಂಗ್ ಕಾಲೇಜುಗಳಲ್ಲಿ ಇದು ಐಚ್ಛಿಕ ವಿಷಯವಾಗಿ, ಅಂದರೆ ಅಂಕ ಸುಲಭವಾಗಿ ಬರುವ ವಿಷಯವಾಗಿ, ಹುಡುಗರಿಗೆ ಪರಿಚಿತವಾಗಿದೆ. ಆದ್ದರಿಂದ ಇಂಥ ವಿದ್ಯೆ ಇದೆಯೇ ಎಂಬುದು ಪ್ರಶ್ನೆಯಲ್ಲ. ಅದು ಎಲ್ಲಿ ನಿಂತು ಕಲಿಸುವ ವಿದ್ಯೆ, ಯಾರ ಮಕ್ಕಳು ಕಲಿಯುವ ವಿದ್ಯೆ, ಕಲಿತವರು ಯಾರ ಬಳಿ ಹೋಗಿ ಕೆಲಸ ಮಾಡಬೇಕು ಎಂಬುದೇ ಪ್ರಶ್ನೆ. ಮಂಡ್ಯ ಜಿಲ್ಲೆಯ ಮಟ್ಟಿಗೆ ಈ ಪ್ರಶ್ನೆಯನ್ನು ಪಾಂಡವಪುರ ತಾಲ್ಲೂಕಿನ ತೊಣ್ಣೂರು ಕೆರೆಯ ಏರಿಯ ಮೇಲೆ ನಿಂತು ಕೇಳುವುದು ಯೋಗ್ಯವೆಂದು ನಾವು ಭಾವಿಸಿದ್ದೇವೆ. ಕಾರಣ ಮುಂದೆ ಹೇಳುತ್ತೇವೆ.

ಮೊದಲು ಹೆಸರಿನ ಬಗ್ಗೆ ಒಂದು ಮಾತು. ಕೆಲವರು ಇದನ್ನು 'ತುರ್ತು ಪರಿಸ್ಥಿತಿ ನಿರ್ವಹಣೆ' ಎಂದು ಕನ್ನಡಿಸುತ್ತಾರೆ. ತುರ್ತು ಪರಿಸ್ಥಿತಿ ಎಂದೊಡನೆ ನಮ್ಮ ಸಂಗಾತಿಗಳಿಗೆ ನೆನಪಾಗುವುದು 1975. ಅದನ್ನು ನಿರ್ವಹಿಸಿದವರ ರೀತಿಯೂ ನೆನಪಾಗುತ್ತದೆ. ಆದ್ದರಿಂದ ನಾವು ಆಪತ್ತು ಎಂದೇ ಕರೆಯುತ್ತೇವೆ. ಇದು ಬರಿಯ ಹೆಸರಿನ ಜಗಳವಲ್ಲವೆಂಬುದು ಮುಂದೆ ತಿಳಿಯುತ್ತದೆ.

ತೊಣ್ಣೂರು ಹೊಯ್ಸಳರ ಕಾಲದಿಂದ ಹೆಸರಾದ ಊರು. ಎರಡು ಕಲ್ಲುಗುಡ್ಡಗಳ ನಡುವಣ ಕಣಿವೆಗೆ ಅಡ್ಡಲಾಗಿ ಏರಿ ಕಟ್ಟಿ ನೀರು ನಿಲ್ಲಿಸಿದ ಕೆರೆ ಅಲ್ಲಿನದು. ರಾಮಾನುಜಾಚಾರ್ಯರ ಕಾಲದಲ್ಲಿ ಕಟ್ಟಿದ್ದೆಂದೂ, ಅವರೇ ತಿರುಮಲಸಾಗರವೆಂದು ಹೆಸರಿಟ್ಟರೆಂದೂ ಪ್ರತೀತಿ. ಹದಿನೆಂಟನೆಯ ಶತಮಾನದಲ್ಲಿ ನಾಸಿರ್ ಜಂಗನು ಇದರ ತಿಳಿನೀರಿಗೆ ಮೆಚ್ಚಿ ಮೋತಿ ತಲಾಬ್ ಎಂದನಂತೆ. ಇಂದು ರಜೆಯ ದಿನ ಕಾರಿನಲ್ಲಿ ಬಂದವರು ಫೋಟೋ ತೆಗೆಸಿಕೊಂಡು ಹೋಗುವ ಜಾಗ. ಈಜಲೆಂದು ಇಳಿದ ಹುಡುಗರು ಮೇಲೆ ಬರಲಿಲ್ಲವೆಂಬ ಸುದ್ದಿಯೂ ಜಿಲ್ಲೆಯ ಪತ್ರಿಕೆಗಳಿಗೆ ಹೊಸದಲ್ಲ.

ಇಂಥ ಕೆರೆ ಶತಮಾನಗಳ ಕಾಲ ಉಳಿದುದು ಯಾರಿಂದ? ಕಟ್ಟಿಸಿದವರ ಹೆಸರು ಶಾಸನಗಳಲ್ಲಿ, ಕತೆಗಳಲ್ಲಿ ಉಳಿಯುತ್ತದೆ. ಉಳಿಸಿದವನು ನೀರಗಂಟಿ. ತೂಬು ಎತ್ತುವುದು, ಇಳಿಸುವುದು, ಸರದಿಯ ಮೇಲೆ ಗದ್ದೆಗಳಿಗೆ ನೀರು ಹಂಚುವುದು ಅವನ ನಿತ್ಯದ ಕೆಲಸ. ಆದರೆ ಅವನ ನಿಜವಾದ ಪರೀಕ್ಷೆ ಮಳೆಗಾಲದ ರಾತ್ರಿಗಳಲ್ಲಿ. ಕೋಡಿ ಹರಿಯಲಾರಂಭಿಸಿದಾಗ ಕಂದೀಲು ಹಿಡಿದು ಏರಿಯ ಮೇಲೆ ನಡೆಯುವವನು, ಏರಿಯ ಹಿಂಬದಿಗೆ ಇಳಿದು ಕೈಯಿಂದ ಮುಟ್ಟಿ ನೋಡುವವನು, ಅನುಮಾನ ಬಂದರೆ ಊರನ್ನು ಎಬ್ಬಿಸುವವನು ಅವನೇ. ಹಿಂಬದಿಯಲ್ಲಿ ಜಿನುಗುವ ನೀರು ತಿಳಿಯಾಗಿದ್ದರೆ ಇನ್ನೂ ಸಮಯವಿದೆ. ಆ ನೀರು ಕದಡಿ ಮಣ್ಣಿನ ಬಣ್ಣಕ್ಕೆ ತಿರುಗಿದರೆ ಏರಿಯ ಒಡಲು ಕರಗುತ್ತಿದೆ ಎಂದು ಅರ್ಥ. ಇಂದಿನ ಅಣೆಕಟ್ಟು ಶಾಸ್ತ್ರದ ಪುಸ್ತಕಗಳೂ ಇದನ್ನೇ ಹೇಳುತ್ತವೆ. ನೀರಗಂಟಿ ಅದನ್ನು ಪುಸ್ತಕವಿಲ್ಲದೆ ಅರಿತಿದ್ದ.

ಹಾಗೆಂದು ಹಳೆಯ ಕಾಲವನ್ನು ಹಾಡಿ ಹೊಗಳುವವರ ಸಾಲಿಗೆ ನಾವು ಸೇರುವುದಿಲ್ಲ. ನೀರಗಂಟಿಯ ಹುದ್ದೆ ಜಾತಿಯಿಂದ ಬಂದ ಹುದ್ದೆ. ಎಷ್ಟೋ ಊರುಗಳಲ್ಲಿ ಅದು ಅಸ್ಪೃಶ್ಯರೆನಿಸಿಕೊಂಡವರ ಪಾಲಿಗೆ ಬಂದ ಕೆಲಸ. ಕೆರೆ ಕಾಯುವವನು ಅವನು. ಆ ಕೆರೆಯ ಮೆಟ್ಟಿಲಿಗೆ ಇಳಿಯುವ ಹಕ್ಕು ಮಾತ್ರ ಅವನಿಗಿಲ್ಲ. ಸುಗ್ಗಿಯಲ್ಲಿ ಕಣದ ಮುಂದೆ ನಿಂತು ಕೊಟ್ಟಷ್ಟು ಕಾಳು ಸೆರಗಿಗೆ ಹಾಕಿಸಿಕೊಂಡು ಹೋಗಬೇಕು. 1961ರ ಮೈಸೂರು ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆ ವಂಶಪಾರಂಪರ್ಯದ ಹುದ್ದೆಗಳನ್ನು ಕಿತ್ತುಹಾಕಿತು. ಆಗಲೇಬೇಕಾಗಿದ್ದ ಕೆಲಸ ಅದು. ಆದರೆ ಹುದ್ದೆಯನ್ನು ಕಿತ್ತವರು ಅದರೊಳಗಿದ್ದ ವಿದ್ಯೆಯನ್ನು ಎಲ್ಲಿಡಬೇಕೆಂದು ಯೋಚಿಸಲಿಲ್ಲ. ಜಾತಿಯಿಂದ ಬಿಡಿಸಿ ಶಾಲೆಗೆ ತರಬೇಕಾಗಿದ್ದ ವಿದ್ಯೆ ಶಾಲೆಗೂ ಬರಲಿಲ್ಲ, ಊರಿನಲ್ಲಿಯೂ ಉಳಿಯಲಿಲ್ಲ. ಕೆರೆ ಇಲಾಖೆಗಳ ನಡುವಣ ಕಾಗದವಾಯಿತು. ಒಂದು ಕೆರೆ ಪಂಚಾಯಿತಿಯದು, ಇನ್ನೊಂದು ಸಣ್ಣ ನೀರಾವರಿಯದು, ಮತ್ತೊಂದು ದೊಡ್ಡ ನೀರಾವರಿಯದು. ಮಳೆ ಮಾತ್ರ ಈ ವಿಂಗಡಣೆಯನ್ನು ಗಮನಿಸುವುದಿಲ್ಲ.

ಈಗ ನಮ್ಮ ತಾಲ್ಲೂಕುಗಳಲ್ಲಿ ಮಣ್ಣಿನ ಏರಿಯ ಕೆರೆ ಒಡೆಯುವುದು ಹೇಗೆಂದು ನೋಡಿ. ಏಡಿ, ಹೆಗ್ಗಣ, ಗೆದ್ದಲುಗಳು ಏರಿಯಲ್ಲಿ ಬಿಲ ಮಾಡುತ್ತವೆ. ಏರಿಯ ಮೇಲೆ ಬೆಳೆದ ಮರ ಸತ್ತಾಗ ಅದರ ಬೇರಿನ ಜಾಗದಲ್ಲಿ ನೀರಿಗೆ ದಾರಿಯಾಗುತ್ತದೆ. ಕೋಡಿಗೆ ಯಾರೋ ಕಲ್ಲು ಅಡ್ಡ ಇಟ್ಟು ಇನ್ನೊಂದು ಅಡಿ ನೀರು ನಿಲ್ಲಿಸುತ್ತಾರೆ. ಕೋಡಿ ಹಳ್ಳವನ್ನು ಇನ್ನಾರೋ ಒತ್ತಿ ತೆಂಗು ಇಡುತ್ತಾರೆ. ತೂಬಿನ ಬಾಗಿಲು ತುಕ್ಕು ಹಿಡಿದು ಕೂತಿರುತ್ತದೆ. ಒಂದು ರಾತ್ರಿ ಜೋರು ಮಳೆ ಬಂದರೆ ನೀರು ಏರಿಯನ್ನೇ ಹತ್ತಿ ಹರಿಯುತ್ತದೆ. ಮಣ್ಣಿನ ಏರಿ ತನ್ನ ಮೇಲೆ ಹರಿಯುವ ನೀರನ್ನು ಬಹಳ ಹೊತ್ತು ತಾಳದು. ಒಂದು ಒಡೆದರೆ ಅದರ ಕೆಳಗಿನ ಕೆರೆಗೆ ಆ ಹೊರೆ. ಹಳಬರು ಕೆರೆಗಳನ್ನು ಸರಪಣಿಯಾಗಿ ಕಟ್ಟಿದ್ದರು. ಆಪತ್ತೂ ಸರಪಣಿಯಾಗಿಯೇ ಇಳಿಯುತ್ತದೆ. 2022ರ ಆಗಸ್ಟಿನಲ್ಲಿ ರಾಮನಗರದ ಸುತ್ತ ಕೆರೆಗಳು ಉಕ್ಕಿ ಬೆಂಗಳೂರು-ಮೈಸೂರು ಹೆದ್ದಾರಿ ಹೊಳೆಯಾದಾಗ ನಾಡಿಗೆಲ್ಲ ಆಶ್ಚರ್ಯವಾಯಿತು. ಕೋಟಿಗಟ್ಟಲೆ ಸುರಿದು ರಸ್ತೆ ಮಾಡಿದವರಿಗೆ ನೀರು ಹರಿಯುವ ದಿಕ್ಕನ್ನು ಹೇಳಲು ಒಬ್ಬ ನೀರಗಂಟಿಯೂ ಸಿಗಲಿಲ್ಲವೆಂದು ತೋರುತ್ತದೆ.

ತೊಣ್ಣೂರನ್ನು ಆರಿಸಿಕೊಂಡುದಕ್ಕೆ ಇನ್ನೊಂದು ಕಾರಣ ಅದರ ನೆರೆಹೊರೆ. ಅದೇ ತಾಲ್ಲೂಕಿನೊಳಗೆ ಕೃಷ್ಣರಾಜಸಾಗರದಿಂದ ಹೊರಟ ವಿಶ್ವೇಶ್ವರಯ್ಯ ನಾಲೆ ಹರಿಯುತ್ತದೆ, ಬೇಬಿ ಬೆಟ್ಟದ ಕಲ್ಲು ಸಿಡಿಯುತ್ತಿತ್ತು, ಮೇಲುಕೋಟೆಯಲ್ಲಿ ವೈರಮುಡಿಯ ರಾತ್ರಿ ಲಕ್ಷಾಂತರ ಮಂದಿ ಒಂದೇ ಬೆಟ್ಟವನ್ನು ಹತ್ತುತ್ತಾರೆ. ನೀರು, ಸಿಡಿಮದ್ದು, ಜನಜಂಗುಳಿ, ಈ ಮೂರೂ ಒಂದು ಸೈಕಲ್ಲು ಸವಾರಿಯ ದೂರದೊಳಗಿರುವ ಇಂಥ ಪಾಠಶಾಲೆ ಟೆಕ್ಸಾಸಿನಲ್ಲಿಯೂ ಸಿಗಲಾರದು.

ನಾಲೆಯ ವಿಷಯವನ್ನು ಸ್ವಲ್ಪ ವಿವರವಾಗಿಯೇ ಬರೆಯಬೇಕಾಗಿದೆ. 2018ರ ನವೆಂಬರ್ 24, ಶನಿವಾರ. ಪಾಂಡವಪುರದಿಂದ ಮಂಡ್ಯಕ್ಕೆ ಹೊರಟಿದ್ದ ಖಾಸಗಿ ಬಸ್ಸೊಂದು ಕನಗನಮರಡಿಯ ಬಳಿ ನಾಲೆಗೆ ಉರುಳಿತು. 30 ಮಂದಿ ಸತ್ತರು. ಅರ್ಧ ದಿನದ ಶಾಲೆ ಮುಗಿಸಿ ಚೀಲ ಹೆಗಲಿಗೇರಿಸಿ ಮನೆಗೆ ಹೊರಟಿದ್ದ ಮಕ್ಕಳು ಅವರಲ್ಲಿ ಹಲವರು. ಮೊದಲು ನೀರಿಗೆ ಇಳಿದವರು ಸುತ್ತಲ ಗ್ರಾಮಸ್ಥರು. ಯಂತ್ರಗಳೂ, ಸಮವಸ್ತ್ರದವರೂ, ಮಂತ್ರಿಗಳೂ ಆಮೇಲೆ ಬಂದರು. ಅಂದು ಆ ಗ್ರಾಮಸ್ಥರು ತೋರಿದ ಧೈರ್ಯದ ಬಗ್ಗೆ ಎರಡು ಮಾತಿಲ್ಲ. ಆದರೆ ಧೈರ್ಯ ಮಾತ್ರ ಇದ್ದು ಹಗ್ಗವಿಲ್ಲದ, ತರಬೇತಿಯಿಲ್ಲದ ಸ್ಥಿತಿಯಲ್ಲಿ ಜನರನ್ನು ಇಟ್ಟವರು ಯಾರು ಎಂದು ಕೇಳುವುದು ನಮ್ಮ ಕರ್ತವ್ಯ.

ನೀರಿನಲ್ಲಿ ಮುಳುಗಿ ಉಸಿರು ನಿಂತವನ ಮಿದುಳಿಗೆ ನಾಲ್ಕೈದು ನಿಮಿಷಗಳಲ್ಲಿ ಪೆಟ್ಟು ಬೀಳಲಾರಂಭಿಸುತ್ತದೆ. ತಾಲ್ಲೂಕು ಕೇಂದ್ರದಿಂದ ಅಗ್ನಿಶಾಮಕದ ಗಾಡಿ ಎಷ್ಟು ವೇಗವಾಗಿ ಬಂದರೂ ಆ ನಾಲ್ಕೈದು ನಿಮಿಷಗಳಲ್ಲಿ ಬರುವುದಿಲ್ಲ. ಆ ನಿಮಿಷಗಳು ಪಕ್ಕದ ಗದ್ದೆಯವನದು. ಅವನಿಗೆ ನಾವು ಕಲಿಸಿರುವುದೇನು? ಮುಳುಗುವವನ ಕಡೆಗೆ ಈಜಿ ಹೋಗುವ ಮೊದಲು ಹಗ್ಗವನ್ನೋ, ಸೀರೆಯನ್ನೋ, ಗಾಡಿಯ ಟ್ಯೂಬನ್ನೋ ಎಸೆಯಬೇಕು. ಈಜು ಬಲ್ಲವನನ್ನೂ ಮುಳುಗುವವನ ಅಪ್ಪುಗೆ ಕೆಳಗೆಳೆಯುತ್ತದೆ. ಮೇಲೆ ತಂದವನನ್ನು ತಲೆಕೆಳಗು ಮಾಡಿ ಹೊಟ್ಟೆ ಒತ್ತಿ ನೀರು ಕಕ್ಕಿಸುವುದು ವ್ಯರ್ಥ, ಅಪಾಯಕರ ಕೂಡ. ಬಾಯಿಗೆ ಬಾಯಿಟ್ಟು ಉಸಿರು ಕೊಡಬೇಕು, ಎದೆಯನ್ನು ತಾಳಬದ್ಧವಾಗಿ ಒತ್ತಬೇಕು. ಇಷ್ಟನ್ನು ಕಲಿಯಲು ಒಂದು ಮಧ್ಯಾಹ್ನ ಸಾಕು. ಆ ಒಂದು ಮಧ್ಯಾಹ್ನದ ಪಾಠ ನಾಲೆಯ ದಡದ ಊರುಗಳಿಗೆಲ್ಲ ತಲುಪಿದ್ದರೆ! ತಲುಪಿಸುವವರು ಯಾರೆಂಬುದನ್ನು ಮಾತ್ರ ಯಾವ ಇಲಾಖೆಯೂ ತನ್ನ ಕೆಲಸವೆಂದು ತಿಳಿದಿಲ್ಲ.

ಇದು ರಕ್ಷಣೆಯ ಮಾತಾಯಿತು. ಆದರೆ ಆಪತ್ತಿನ ವಿದ್ಯೆಯ ಮುಕ್ಕಾಲು ಪಾಲು ರಕ್ಷಣೆಗೆ ಮೊದಲೇ ಮುಗಿಯಬೇಕಾದ ಕೆಲಸ. ಕನಗನಮರಡಿಯ ಆ ಜಾಗದಲ್ಲಿ ನಾಲೆಗೂ ರಸ್ತೆಗೂ ನಡುವೆ ತಡೆಗೋಡೆ ಇರಲಿಲ್ಲ. ಬಸ್ಸು ಹಳೆಯದು, ಚಾಲಕನದು ತಪ್ಪು ಎಂದು ತನಿಖೆಯ ದಿಕ್ಕು ಹೊರಳಿತು, ಅವೂ ನಿಜವಿರಬಹುದು. ಚಾಲಕನ ತಪ್ಪಿಗೆ ದಂಡ ಗೋಡೆಗೆ ಬಸ್ಸು ಉಜ್ಜಿ ನಿಲ್ಲುವುದಾಗಬೇಕೇ ಹೊರತು ಮೂವತ್ತು ಹೆಣಗಳಲ್ಲ. ಸತ್ತವರ ಕುಟುಂಬಗಳಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರವನ್ನು ಸರಕಾರ ಘೋಷಿಸಿತು. ಒಟ್ಟು ಒಂದೂವರೆ ಕೋಟಿ. ಆ ಹಣ ಒಂದು ವರ್ಷ ಮೊದಲು ಗೋಡೆಗೆ ಬಂದಿದ್ದರೆ ಅದನ್ನು ಯಾರೂ ಔದಾರ್ಯವೆನ್ನುತ್ತಿರಲಿಲ್ಲ, ಅಷ್ಟೆ. ಮುಂದೆ ಏನಾಯಿತು? 2023ರ ನವೆಂಬರ್ 7ರಂದು ಅದೇ ತಾಲ್ಲೂಕಿನ ಬನಘಟ್ಟದ ಬಳಿ ಅದೇ ನಾಲೆಗೆ ಕಾರು ಬಿದ್ದು ಐವರು ಸತ್ತರು. 2025ರ ಫೆಬ್ರವರಿಯಲ್ಲಿ ಮಂಡ್ಯ ತಾಲ್ಲೂಕಿನ ಮಾಚಹಳ್ಳಿಯ ಬಳಿ ಮತ್ತೊಂದು ಕಾರು ಬಿತ್ತು, ಮತ್ತೆ ಸಾವುಗಳು. ನಾಲೆಯ ಎರಡೂ ಮಗ್ಗುಲಿಗೆ ನುಣ್ಣಗೆ ಸಿಮೆಂಟು ಹೊದಿಸಿದ ಮೇಲೆ ನೀರು ಸೋರುವುದು ಕಡಿಮೆಯಾಗುತ್ತದೆ, ನಿಜ. ಬಿದ್ದವನಿಗೆ ಹಿಡಿದು ಹತ್ತಲು ಒಂದು ಹುಲ್ಲುಗಡ್ಡೆಯೂ ಉಳಿಯುವುದಿಲ್ಲ. ನೂರು ಗಜಕ್ಕೊಂದು ಮೆಟ್ಟಿಲು, ಅಡ್ಡಲಾಗಿ ಒಂದು ಸರಪಣಿ ಇದ್ದರೆ ಸಾಕು. ನೀರಾವರಿ ಇಂಜನಿಯರು ನೀರಿನ ಲೆಕ್ಕ ಬಲ್ಲವರು. ಲೋಕೋಪಯೋಗಿ ಇಂಜನಿಯರು ರಸ್ತೆಯ ಲೆಕ್ಕ ಬಲ್ಲವರು. ರಸ್ತೆಯಿಂದ ನೀರಿಗೆ ಬೀಳುವ ಮನುಷ್ಯನ ಲೆಕ್ಕ ಎರಡೂ ಪುಸ್ತಕಗಳಲ್ಲಿಲ್ಲ. ಆ ಮೂರನೆಯ ಪುಸ್ತಕವೇ ನಾವು ಕೇಳುತ್ತಿರುವ ಪದವಿ.

ಕಾನೂನಿನ ಭಾಷೆಯಲ್ಲಿಯೂ ಇದೇ ಕುರುಡು ಇದೆ. 2005ರ ವಿಪತ್ತು ನಿರ್ವಹಣಾ ಕಾಯಿದೆಯ ಪ್ರಕಾರ ಒಂದು ಪ್ರದೇಶದ ಜನ ತಮ್ಮ ಶಕ್ತಿಯಿಂದ ತಾಳಿಕೊಳ್ಳಲಾರದಷ್ಟು ದೊಡ್ಡದಾದ ಹಾನಿ ಮಾತ್ರ ವಿಪತ್ತು. ನಾಲೆಯಲ್ಲಿ ಬಟ್ಟೆ ಒಗೆಯಲು ಹೋದ ತಾಯಿ, ಎತ್ತು ಮೈತೊಳೆಯಲು ಹೋದ ಮಗ, ಕೃಷಿಹೊಂಡಕ್ಕೆ ಬಿದ್ದ ಕೂಸು ಒಬ್ಬೊಬ್ಬರಾಗಿ ಸಾಯುವುದು ಆ ಲೆಕ್ಕಕ್ಕೆ ಬಾರದು. ಇಡೀ ದೇಶದಲ್ಲಿ ಹೀಗೆ ನೀರಿನಲ್ಲಿ ಮುಳುಗಿ ಸಾಯುವವರ ಸಂಖ್ಯೆ ವರ್ಷಕ್ಕೆ 30 ಸಾವಿರವನ್ನು ಮೀರುತ್ತದೆಂದು ಕೇಂದ್ರ ಸರಕಾರದ ಅಪರಾಧ ದಾಖಲೆಗಳ ಸಂಸ್ಥೆಯ ಅಂಕಿಗಳೇ ಹೇಳುತ್ತವೆ. ಬಡವರು ಗುಂಪಾಗಿ ಸತ್ತರೆ ವಿಪತ್ತು, ಬಿಡಿಬಿಡಿಯಾಗಿ ಸತ್ತರೆ ಹಣೆಬರಹ. ಇಂಥ ಲೆಕ್ಕಾಚಾರವನ್ನು ಪ್ರಶ್ನಿಸಲು ಕಲಿಸದ ಪದವಿಯಿಂದ ನಮಗೆ ಪ್ರಯೋಜನವಿಲ್ಲ.

ಇನ್ನು ಎಚ್ಚರಿಕೆಯ ಮಾತು. ಕೃಷ್ಣರಾಜಸಾಗರ 124.80 ಅಡಿಗೆ ತುಂಬಿ ನೀರು ಬಿಡುವಾಗ ಜಿಲ್ಲಾಡಳಿತದಿಂದ ಪ್ರಕಟಣೆ ಹೊರಡುತ್ತದೆ. ಇಷ್ಟು ಸಾವಿರ ಕ್ಯೂಸೆಕ್ ಬಿಡಲಾಗುವುದು, ನದಿ ಪಾತ್ರದ ಜನರು ಸುರಕ್ಷಿತ ಸ್ಥಳಗಳಿಗೆ ತೆರಳತಕ್ಕದ್ದು. ಸುರಕ್ಷಿತ ಸ್ಥಳ ಯಾವುದೆಂದು ಪ್ರಕಟಣೆ ಹೇಳುವುದಿಲ್ಲ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರು. 2019ರ ಆಗಸ್ಟಿನಲ್ಲಿ ಬಿಟ್ಟಂತೆ ಲಕ್ಷ ಕ್ಯೂಸೆಕ್ ಮೀರಿದರೆ ಸೆಕೆಂಡಿಗೆ 28 ಲಕ್ಷ ಲೀಟರಿಗೂ ಹೆಚ್ಚು. ಈ ಗುಣಾಕಾರ ಮಾಡಿ ಕುರಿ ಹಟ್ಟಿಯವನು ಏನನ್ನು ತಿಳಿಯಬೇಕು? ಅವನಿಗೆ ಬೇಕಾದ ಭಾಷೆ ಬೇರೆ. ಶ್ರೀರಂಗಪಟ್ಟಣದ ಸ್ನಾನಘಟ್ಟದ ಎಷ್ಟನೆಯ ಮೆಟ್ಟಿಲಿಗೆ ನೀರು ಬರುತ್ತದೆ, ನಿಮಿಷಾಂಬ ದೇವಾಲಯದ ಮುಂದೆ ಎಲ್ಲಿಯವರೆಗೆ ಏರುತ್ತದೆ, ಎಷ್ಟು ಗಂಟೆಯ ಹೊತ್ತಿಗೆ ಏರುತ್ತದೆ, ಯಾವ ಓಣಿಯವರು ಯಾವ ಶಾಲೆಗೆ ದನಕರು ಸಮೇತ ಹೋಗಬೇಕು. ಲಕ್ಷಗಳ ಲೆಕ್ಕವನ್ನು ಮೆಟ್ಟಿಲುಗಳ ಲೆಕ್ಕಕ್ಕೆ ಇಳಿಸುವುದು ಒಂದು ಶಾಸ್ತ್ರ. ಆ ಶಾಸ್ತ್ರವನ್ನು ಇಂಗ್ಲಿಷಿನಲ್ಲಿ ಕಲಿತವನು ಊರಿಗೆ ಬಂದು ಮತ್ತೆ ಕ್ಯೂಸೆಕ್ಕನ್ನೇ ಉಸುರುತ್ತಾನೆ. ಈ ಪದವಿ ಕನ್ನಡದಲ್ಲಿಯೇ ನಡೆಯಬೇಕೆಂದು ನಾವು ಹೇಳುವುದು ಭಾಷಾಭಿಮಾನಕ್ಕಲ್ಲ. ಇದರ ಇಡೀ ಪ್ರಯೋಜನ ಇರುವುದು ಕೇಳಿದವನು ಒಂದೇ ಸಲಕ್ಕೆ ತಿಳಿದು ಎದ್ದು ಹೋಗುವುದರಲ್ಲಿ.

ಬೇಬಿ ಬೆಟ್ಟದ ಪ್ರಕರಣ ಇನ್ನೊಂದು ಬಗೆಯ ಪಾಠ. 2018ರ ಸೆಪ್ಟೆಂಬರ್ 25ರಂದು ಕೃಷ್ಣರಾಜಸಾಗರದ ಸುತ್ತಮುತ್ತ ಭಾರಿ ಶಬ್ದ ಕೇಳಿ ಜನ ಬೆಚ್ಚಿದರು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಾಪಕಗಳಲ್ಲಿ ಅದು ದಾಖಲಾಗಿತ್ತು. ಅದು ಕಲ್ಲು ಸಿಡಿಸಿದ ಕಂಪನವೆಂದು ಗುರುತಿಸಿ, ಅಣೆಕಟ್ಟಿಗೆ ಅಪಾಯವಿರುವುದರಿಂದ ಸುತ್ತಲ ಕಲ್ಲುಗಣಿಗಾರಿಕೆಯನ್ನು ನಿಲ್ಲಿಸಬೇಕೆಂದು ಕೇಂದ್ರ ಶಿಫಾರಸು ಮಾಡಿತು. ಆಮೇಲಿನ ವರ್ಷಗಳಲ್ಲಿ ನಡೆದುದು ವಾಚಕರಿಗೆ ಗೊತ್ತಿದೆ. ಗಣಿಯವರ ಪರವಾಗಿ ತಜ್ಞರು, ಇಲಾಖೆಗಳ ಪರವಾಗಿ ತಜ್ಞರು. ರೈತರ ಪರವಾಗಿ ರೈತರೇ. 2024ರ ಜನವರಿಯಲ್ಲಿ ಹೈಕೋರ್ಟು ಅಣೆಕಟ್ಟಿನ ಸುತ್ತ 20 ಕಿಲೋಮೀಟರ್ ಒಳಗೆ ಗಣಿಗಾರಿಕೆಯನ್ನು, ಅಣೆಕಟ್ಟು ಸುರಕ್ಷತೆಯ ಅಧ್ಯಯನ ಮುಗಿಯುವವರೆಗೆ, ತಡೆಹಿಡಿಯಿತು. ಅದೇ ವರ್ಷದ ಜುಲೈನಲ್ಲಿ ಪರೀಕ್ಷಾರ್ಥ ಸ್ಫೋಟ ಮಾಡಿ ನೋಡುತ್ತೇವೆಂದು ತಜ್ಞರು ಬಂದಾಗ ರೈತರು ರಸ್ತೆಗಿಳಿದು ವಿರೋಧಿಸಿದರು. ಅವರ ವಿರೋಧಕ್ಕೆ ನಮ್ಮ ಬೆಂಬಲವಿತ್ತು. ಆದರೂ ಒಂದು ಮಾತು ಹೇಳಲೇಬೇಕು. ಕಂಪನ ಮಾಪಕದ ಗೆರೆಯನ್ನು ಓದಬಲ್ಲ ಒಬ್ಬ ಹುಡುಗಿ ಚಿನಕುರಳಿಯಲ್ಲೋ ಕಾವೇರಿಪುರದಲ್ಲೋ ಇದ್ದಿದ್ದರೆ, ಅವಳು ಗ್ರಾಮಸಭೆಯಲ್ಲಿ ಆ ಗೆರೆಯನ್ನು ಬಿಡಿಸಿ ಹೇಳಿದ್ದರೆ, ಹೋರಾಟದ ಕೈಯಲ್ಲಿ ಘೋಷಣೆಯ ಜೊತೆಗೆ ಲೆಕ್ಕವೂ ಇರುತ್ತಿತ್ತು. ವಿದ್ಯೆ ಒಂದೇ ಪಕ್ಷದ ಸ್ವತ್ತಾಗಿದ್ದರೆ ನ್ಯಾಯಾಲಯದ ಬಾಗಿಲಲ್ಲಿ ಇನ್ನೊಂದು ಪಕ್ಷ ಕೈಕಟ್ಟಿ ನಿಲ್ಲಬೇಕಾಗುತ್ತದೆ. 2021ರ ಅಣೆಕಟ್ಟು ಸುರಕ್ಷತಾ ಕಾಯಿದೆ ಪ್ರತಿಯೊಂದು ದೊಡ್ಡ ಅಣೆಕಟ್ಟಿಗೂ ಐದು ವರ್ಷಗಳೊಳಗೆ ಆಪತ್ಕಾಲದ ಕಾರ್ಯಯೋಜನೆ ಸಿದ್ಧವಾಗಬೇಕೆಂದು ವಿಧಿಸಿದೆ. ಆ ಯೋಜನೆಯನ್ನು ಅಣೆಕಟ್ಟಿನ ಕೆಳಗೆ ಮಲಗುವವರು ಓದಬೇಕೋ, ಕಚೇರಿಯ ಬೀರು ಓದಬೇಕೋ?

ವಿದ್ಯೆಯನ್ನು ಹಂಚದೆ ಇಟ್ಟರೆ ಏನಾಗುತ್ತದೆಂಬುದನ್ನು ತುಂಗಭದ್ರೆ ತೋರಿಸಿತು. 2024ರ ಆಗಸ್ಟ್ 10ರ ರಾತ್ರಿ ಅಲ್ಲಿನ 19ನೆಯ ಗೇಟಿನ ಸರಪಣಿ ಕಡಿದು ಗೇಟು ಕೊಚ್ಚಿಹೋಯಿತು. ರೈತರ ಎರಡನೆಯ ಬೆಳೆಯ ನೀರು ಹಗಲಿರುಳು ಹರಿದು ಹೋಗುತ್ತಿದ್ದಾಗ ಮೂರು ರಾಜ್ಯಗಳ ಕಣ್ಣು ಹೋದದ್ದು ನಿವೃತ್ತರಾಗಿದ್ದ ಕನ್ನಯ್ಯ ನಾಯ್ಡು ಎಂಬ ಹಿರಿಯ ಇಂಜನಿಯರರ ಕಡೆಗೆ. ಅವರ ಸಲಹೆಯಂತೆ, ಹರಿಯುವ ನೀರಿಗೇ ಉಕ್ಕಿನ ಹಲಗೆಗಳನ್ನು ಇಳಿಸಿ ವಾರದೊಳಗೆ ಬಾಯಿ ಮುಚ್ಚಿದರು. ಅವರಿಗೂ, ಜೀವದ ಹಂಗು ತೊರೆದು ಮೇಲೆ ನಿಂತು ದುಡಿದ ಕೆಲಸಗಾರರಿಗೂ ನಾಡು ಋಣಿ. ಆದರೆ ಅಷ್ಟು ದೊಡ್ಡ ಅಣೆಕಟ್ಟಿನ ಆಪತ್ತಿಗೆ ಒಬ್ಬ ವೃದ್ಧರ ತಲೆಯೊಳಗಿನ ಅನುಭವವೇ ಗತಿಯಾದುದು ಹೆಮ್ಮೆಪಡುವ ವಿಷಯವಲ್ಲ. ಆ ಅನುಭವ ಹತ್ತು ಕಾಲೇಜುಗಳ ಪಾಠವಾಗಬೇಕಾಗಿತ್ತು.

ಈಗ ನಮ್ಮ ಭಯಗಳನ್ನೂ ಹೇಳಿಬಿಡುತ್ತೇವೆ. ಮೊದಲನೆಯದು ಲಾಠಿಯ ಭಯ. 2020ರ ಮಾರ್ಚಿನಲ್ಲಿ ದೇಶಕ್ಕೆ ಬೀಗ ಹಾಕಿದ್ದು ಇದೇ 2005ರ ಕಾಯಿದೆಯ ಬಲದಿಂದ. ನಾಲ್ಕು ಗಂಟೆಯ ಮುನ್ಸೂಚನೆ. ನಡೆದುಕೊಂಡು ಊರಿಗೆ ಹೊರಟ ಕೂಲಿಗಾರರಿಗೆ ಏಟು. ಮುಂಬಯಿಯಲ್ಲಿ ಹೋಟೆಲು, ಟ್ಯಾಕ್ಸಿ ನಂಬಿ ಬದುಕಿದ್ದ ಕೆ. ಆರ್. ಪೇಟೆ, ನಾಗಮಂಗಲದ ಕಡೆಯವರು ಮೇ ತಿಂಗಳಲ್ಲಿ ಊರಿಗೆ ಬಂದಾಗ ಅವರನ್ನು ರೋಗದ ಮೂಟೆಗಳಂತೆ ನೋಡಲಾಯಿತು. ಹಳ್ಳಿಗಳ ದಾರಿಗೆ ಮುಳ್ಳು ಹಚ್ಚಿದರು. ಜನ ಗಾಬರಿಬೀಳುತ್ತಾರೆ, ಲೂಟಿಗೆ ಇಳಿಯುತ್ತಾರೆ, ಅವರನ್ನು ಹತೋಟಿಯಲ್ಲಿಡುವುದೇ ನಿರ್ವಹಣೆ ಎಂಬ ನಂಬಿಕೆ ಅಧಿಕಾರಿಗಳಲ್ಲಿ ಬಲವಾಗಿದೆ. ಅಮೆರಿಕದ ಓಹಿಯೋದಲ್ಲಿ 1963ರಲ್ಲಿ ಆರಂಭವಾದ ವಿಪತ್ತು ಸಂಶೋಧನಾ ಕೇಂದ್ರದ ಸಮಾಜಶಾಸ್ತ್ರಜ್ಞರು ಊರೂರು ಅಲೆದು ಕಂಡುಕೊಂಡುದು ಇದಕ್ಕೆ ತೀರ ವಿರುದ್ಧ. ಆಪತ್ತಿನಲ್ಲಿ ಬಹುಪಾಲು ಜನ ಗಾಬರಿಗೊಂಡು ಓಡುವುದಿಲ್ಲ. ನೆರೆಯವರನ್ನು ಎತ್ತುತ್ತಾರೆ, ಊಟ ಹಂಚುತ್ತಾರೆ. ಕನಗನಮರಡಿಯವರಿಗೆ ಇದನ್ನು ಓಹಿಯೋದಿಂದ ತಿಳಿಯಬೇಕಾದ್ದಿಲ್ಲ. ಅಧಿಕಾರಿಗಳಾಗುವ ಹುಡುಗರಿಗೆ ಮಾತ್ರ ಇದು ಮೊದಲ ವರ್ಷದ ಮೊದಲ ಪಾಠವಾಗಬೇಕು.

ಎರಡನೆಯದು ಅಂಗಡಿಯ ಭಯ. ಹೊಸ ಪದವಿಯೆಂದರೆ ಹೊಸ ಶುಲ್ಕವೆಂದು ತಿಳಿಯುವ ಖಾಸಗಿ ವಿದ್ಯಾಸಂಸ್ಥೆಗಳು ನಾಡಿನಲ್ಲಿ ಬೇಕಾದಷ್ಟಿವೆ. ಲಕ್ಷಗಟ್ಟಲೆ ತೆತ್ತು ಕಲಿತವನು ಕಾರ್ಖಾನೆಯ, ಮಾಲಿನ, ವಿಮಾನ ನಿಲ್ದಾಣದ ಸುರಕ್ಷಾಧಿಕಾರಿಯಾಗುತ್ತಾನೆ. ತೊಣ್ಣೂರಿನ ಏರಿಗೆ ಬರುವುದಿಲ್ಲ. ಆದ್ದರಿಂದ ಇದು ಸರಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿಯೇ ಆರಂಭವಾಗಬೇಕು. ಹಣವೆಲ್ಲಿ ಎನ್ನುತ್ತಾರೆ. 2025ರಲ್ಲಿ ಸಚಿವ ಸಂಪುಟದ ಉಪಸಮಿತಿಯೊಂದು ಮಂಡ್ಯ ವಿಶ್ವವಿದ್ಯಾನಿಲಯವೂ ಸೇರಿ ಒಂಬತ್ತು ವಿಶ್ವವಿದ್ಯಾನಿಲಯಗಳನ್ನು ಮುಚ್ಚುವಂತೆ ಶಿಫಾರಸು ಮಾಡಿದಾಗಲೂ ಕಾರಣ ಹಣವೇ ಆಗಿತ್ತು. ಜಿಲ್ಲೆಗೆ ತನ್ನದೇ ಆದ ವಿದ್ಯೆ ಯಾವುದು ಬೇಕೆಂದು ಯೋಚಿಸದೆ ಹಳೆಯ ಪದವಿಗಳಿಗೆ ಹೊಸ ಫಲಕ ಹಾಕಿದರೆ ಮುಚ್ಚುವವರಿಗೆ ಕೆಲಸ ಸುಲಭ. ಇಲ್ಲಿ ಕಟ್ಟಡ ಬೇಕಾಗಿಲ್ಲ. ನೀರಾವರಿಯ ಪಾಠಕ್ಕೆ ವಿ. ಸಿ. ಫಾರಂ, ಗಾಯಾಳುವಿನ ಪಾಠಕ್ಕೆ ಜಿಲ್ಲೆಯ ವೈದ್ಯಕೀಯ ಸಂಸ್ಥೆ, ಬೆಂಕಿಯ ಪಾಠಕ್ಕೆ ಅಗ್ನಿಶಾಮಕ ಠಾಣೆ, ಆಡಳಿತದ ಪಾಠಕ್ಕೆ ಮೈಸೂರಿನ ಆಡಳಿತ ತರಬೇತಿ ಸಂಸ್ಥೆ ಹತ್ತಿರದಲ್ಲಿಯೇ ಇವೆ. ಹರಿಗೋಲು ಹಾಕುವವರನ್ನೂ, ಮುಳುಗು ಹಾಕಿ ಹೆಣ ಎತ್ತಿಕೊಡುವ ಈಜುಗಾರರನ್ನೂ ಉಪನ್ಯಾಸಕರೆಂದು ಕರೆದು ಗೌರವಧನ ಕೊಡಬೇಕು. ಪೋಲೀಸರು ಅವರನ್ನು ಹೊತ್ತಲ್ಲದ ಹೊತ್ತಿನಲ್ಲಿ ಕರೆಸಿ ಟೀ ಕುಡಿಸಿ ಕಳುಹಿಸುವ ರೂಢಿ ಇನ್ನಾದರೂ ನಿಲ್ಲಲಿ.

ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಓದಿ ಮುಗಿಸಿದವರಿಗೆ ಕೆಲಸವೆಲ್ಲಿ? ಪದವಿ ಹಿಡಿದು ಅಲೆಯುವವರ ಸಾಲಿಗೆ ಇನ್ನೊಂದು ಸಾಲು ಸೇರಿಸುವುದಾದರೆ ಈ ತರಗತಿ ಬೇಡವೇ ಬೇಡ. ತಾಲ್ಲೂಕಿಗೊಬ್ಬ ಆಪತ್ತಿನ ಅಧಿಕಾರಿ, ಹೋಬಳಿಗೊಬ್ಬ ಸಹಾಯಕ, ಹುದ್ದೆ ಖಾಯಂ, ಗುತ್ತಿಗೆಯಲ್ಲ. ಇಂದು ಈ ಕೆಲಸ ತಹಶೀಲ್ದಾರರ ನೂರೊಂದು ಕೆಲಸಗಳಲ್ಲಿ ನೂರೊಂದನೆಯದು. ಕಾಯಿದೆಯ ಪ್ರಕಾರ ಜಿಲ್ಲೆಯ ವಿಪತ್ತು ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿ ಅಧ್ಯಕ್ಷರು, ಜಿಲ್ಲಾ ಪಂಚಾಯಿತಿಯ ಅಧ್ಯಕ್ಷರು ಸಹ ಅಧ್ಯಕ್ಷರು. 2021ರಲ್ಲಿ ಜಿಲ್ಲಾ ಪಂಚಾಯಿತಿಗಳ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯದೆ ಆ ಎರಡನೆಯ ಕುರ್ಚಿ ಖಾಲಿ ಉಳಿಯಿತು. ಜನರ ಪ್ರತಿನಿಧಿಯಿಲ್ಲದ ಪ್ರಾಧಿಕಾರಕ್ಕೆ ಪದವೀಧರರನ್ನು ತುಂಬಿದರೂ ಅವರು ವರದಿ ಬರೆಯುವವರಾಗುತ್ತಾರೆ, ಅಷ್ಟೆ.

ಆದ್ದರಿಂದ ನಮ್ಮ ಸೂಚನೆ ಸರಳವಾಗಿದೆ. ಪಾಂಡವಪುರದ ಸರಕಾರಿ ಕಾಲೇಜಿನಲ್ಲಿ ಮೂವತ್ತು ಮಂದಿಯ ಒಂದು ತರಗತಿ, ಅರ್ಧದಷ್ಟು ಹೆಣ್ಣುಮಕ್ಕಳು, ಕನ್ನಡದಲ್ಲಿ ಪಾಠ. ಮೊದಲ ವರ್ಷ ಪುಸ್ತಕಕ್ಕೆ ಮೊದಲು ನಡಿಗೆ. ತೊಣ್ಣೂರಿನಿಂದ ಹೊರಟು ತಾಲ್ಲೂಕಿನ ಪ್ರತಿ ಕೆರೆಯ ಏರಿ, ತೂಬು, ಕೋಡಿ ನೋಡಿ ಬರೆಯಬೇಕು. ನಾಲೆಯ ದಡದುದ್ದಕ್ಕೆ ನಡೆದು ಗೋಡೆಯಿಲ್ಲದ ತಿರುವು, ಮೆಟ್ಟಿಲಿಲ್ಲದ ಸೋಪಾನ, ಹಗ್ಗವಿಲ್ಲದ ಸೇತುವೆಗಳ ಪಟ್ಟಿ ಮಾಡಬೇಕು. ವೈರಮುಡಿಯ ಮುನ್ನ ಮೇಲುಕೋಟೆಯ ಮೆಟ್ಟಿಲುಗಳ ಅಗಲವನ್ನು ಅಳೆದು, ಜನ ಎಲ್ಲಿ ಒತ್ತಿಕೊಳ್ಳುತ್ತಾರೆಂದು ಗುರುತಿಸಬೇಕು. ಆ ಪಟ್ಟಿಯ ಒಂದು ಪ್ರತಿ ಜಿಲ್ಲಾಧಿಕಾರಿಗೆ, ಒಂದು ಪ್ರತಿ ಗ್ರಾಮಸಭೆಗೆ. ಮೂರನೆಯ ಪ್ರತಿಯನ್ನು ನಮಗೆ ಕಳುಹಿಸಿದರೆ ಊರು, ತಿರುವು, ಇಲಾಖೆಯ ಹೆಸರು ಸಹಿತ ಇದೇ ಪುಟದಲ್ಲಿ ಅಚ್ಚುಮಾಡುತ್ತೇವೆ; ಗೋಡೆ ಎದ್ದ ಜಾಗಗಳನ್ನು ಮಾತ್ರ ಮುಂದಿನ ಸಂಚಿಕೆಗಳಲ್ಲಿ ಒಂದೊಂದಾಗಿ ಬಿಡುತ್ತಾ ಹೋಗುತ್ತೇವೆ.